ಆ ‘ಹ್ಯಾವ್’ ಯಾಕಿದೆ ಮೇಡಂ?

ಹೋದ ವರ್ಷ ಒಂದು ದಿನ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಮೇಜಿನ ಮೇಲೆ ಮಗುಚಿಟ್ಟು ಪಾಠ ಮಾಡಿದೆ. ದೊಡ್ಡ ಉದ್ದೇಶವೇನೂ ಇರಲಿಲ್ಲ. ನನ್ನ ಉಚ್ಚಾರ ಹೇಗಿದೆ ನೋಡೋಣ ಅಂತ, ಅಷ್ಟೇ. ಒಂಬತ್ತನೇ ತರಗತಿಯ ಇಂಗ್ಲಿಷ್ ಪೀರಿಯಡ್, 40 ನಿಮಿಷ. ರಾತ್ರಿ ಕೂತು ಕೇಳಿಸಿಕೊಂಡೆ. ಉಚ್ಚಾರ ಪರವಾಗಿಲ್ಲ. ಆದರೆ ಬೇರೆ ಯಾರ ದನಿಯೂ ಇಲ್ಲವಲ್ಲ!

ಎರಡನೇ ಸಲ ಪೆನ್ನು ಹಿಡಿದು ಕೇಳಿದೆ. 40ರಲ್ಲಿ 31 ನಿಮಿಷ ನಾನೇ ಮಾತಾಡಿದ್ದೆ. ಉಳಿದದ್ದರಲ್ಲಿ ಬೆಂಚು ಎಳೆಯುವ ಸದ್ದು, ಕೆಮ್ಮು, ‘ಯೆಸ್ ಮೇಡಂ’. 38 ಮಕ್ಕಳ ಕ್ಲಾಸಿನಲ್ಲಿ ಕೇಳಿಸಿದ್ದು ಐದು ಮಕ್ಕಳ ದನಿ. ಆ ಐದೂ ಹೆಸರು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಆಮೇಲೆ ಇನ್ನೊಂದು ಗಮನಿಸಿದೆ. ನಾನು ಪ್ರಶ್ನೆ ಕೇಳುತ್ತೇನೆ, ಒಬ್ಬರು ಒಂದು ಪದದ ಉತ್ತರ ಕೊಡುತ್ತಾರೆ, ನಾನು ‘ಗುಡ್’ ಅನ್ನುತ್ತೇನೆ. ಮತ್ತೆ ಪ್ರಶ್ನೆ, ಮತ್ತೆ ಒಂದು ಪದ, ಮತ್ತೆ ‘ಗುಡ್’. ಇದನ್ನು ನಾನು ಅಷ್ಟು ವರ್ಷ ‘ಡಿಸ್ಕಷನ್’ ಅಂತ ಪಾಠದ ಡೈರಿಯಲ್ಲಿ ಬರೆಯುತ್ತಾ ಬಂದಿದ್ದೆ.

ನೆಡ್ ಫ್ಲ್ಯಾಂಡರ್ಸ್ ಎಂಬ ಅಮೆರಿಕದ ಸಂಶೋಧಕರು 1960ರ ದಶಕದಲ್ಲೇ ತರಗತಿಗಳಲ್ಲಿ ಕೂತು ಈ ಲೆಕ್ಕ ಹಾಕಿದ್ದರು. ಪಾಠದ ಹೊತ್ತಿನಲ್ಲಿ ಮೂರರಲ್ಲಿ ಎರಡು ಪಾಲು ಯಾರೋ ಒಬ್ಬರು ಮಾತಾಡುತ್ತಿರುತ್ತಾರೆ. ಆ ಮಾತಿನಲ್ಲಿ ಮತ್ತೆ ಮೂರರಲ್ಲಿ ಎರಡು ಪಾಲು ಟೀಚರದ್ದು. ಓದಿ ಸ್ವಲ್ಪ ಸಮಾಧಾನ ಆಯಿತು. ಆದರೆ ನನ್ನ ಲೆಕ್ಕ ಅದನ್ನೂ ದಾಟಿತ್ತು.

ಮೊದಲು ಬದಲಾಯಿಸಿದ್ದು ಓದುವ ಪುಟವನ್ನು. ಮಾತಾಡಿ ಅಂದರೆ ಮಕ್ಕಳು ಏನು ಮಾತಾಡಬೇಕು, ಪುಟವೇ ಅರ್ಥವಾಗಿಲ್ಲದಿದ್ದರೆ? ಪಠ್ಯಪುಸ್ತಕದ ಒಂದು ಪುಟ ಕೊಟ್ಟು, ಗೊತ್ತಿಲ್ಲದ ಪದಕ್ಕೆಲ್ಲ ಗೆರೆ ಎಳೆಯಿರಿ ಅಂದೆ. 300 ಪದದ ಪುಟ. ಕೆಲವರು 40 ಪದಕ್ಕೆ ಗೆರೆ ಎಳೆದಿದ್ದರು. ಒಬ್ಬ 70 ದಾಟಿದ್ದ. ಇಬ್ಬರು ಒಂದಕ್ಕೂ ಎಳೆದಿರಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತು ಅಂತಲ್ಲ, ಗೆರೆ ಎಳೆಯಲು ನಾಚಿಕೆ. ಎರಡನೇ ಭಾಷೆಯ ಓದಿನ ಮೇಲೆ ಬಹಳ ಕೆಲಸ ಮಾಡಿರುವ ನ್ಯೂಜಿಲೆಂಡಿನ ಪೌಲ್ ನೇಷನ್ ಹೇಳುವ ಲೆಕ್ಕ ಹೀಗಿದೆ: ಯಾರ ಸಹಾಯವೂ ಇಲ್ಲದೆ ಒಂದು ಕತೆ ಅರ್ಥವಾಗಬೇಕಾದರೆ ಅದರಲ್ಲಿ ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು. ಅಂದರೆ 50 ಪದಕ್ಕೆ ಒಂದು ಹೊಸ ಪದ. ನನ್ನ 300 ಪದದ ಪುಟದಲ್ಲಿ ಆರು ಹೊಸ ಪದ ಇರಬಹುದಿತ್ತು. 40, 70 ಇರುವ ಕಡೆ ಓದು ನಡೆಯುವುದಿಲ್ಲ. ಡಿಕ್ಷನರಿಯಲ್ಲಿ ಹುಡುಕಾಟ ನಡೆಯುತ್ತದೆ.

ಹಾಗಂತ ಪಠ್ಯಪುಸ್ತಕ ಬಿಡುವಂತಿಲ್ಲ, ಪರೀಕ್ಷೆ ಅದರ ಮೇಲೇ. ಸುಮಾರು 1980ರ ಹೊತ್ತಿಗೆ ಫಿಜಿ ದ್ವೀಪದ ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಒಂದು ಪ್ರಯೋಗ ಮಾಡಿದ್ದರು. ಇಂಗ್ಲಿಷ್ ಮನೆಮಾತಲ್ಲದ ಪ್ರೈಮರಿ ಮಕ್ಕಳ ತರಗತಿಗೆ 250ರಷ್ಟು ಕತೆಪುಸ್ತಕ ಕೊಟ್ಟು, ದಿನಾ 20-30 ನಿಮಿಷ ಸುಮ್ನೆ ಓದಲು ಬಿಟ್ಟರು. ವ್ಯಾಕರಣದ ಡ್ರಿಲ್ ಮಾಡುತ್ತಿದ್ದ ಮಕ್ಕಳಿಗಿಂತ ಈ ಮಕ್ಕಳು ಮೊದಲ ವರ್ಷವೇ ಓದಿನಲ್ಲಿ ಮುಂದೆ ಹೋದರು. ಎರಡನೇ ವರ್ಷ ಬರವಣಿಗೆ, ವ್ಯಾಕರಣದಲ್ಲೂ ಅದು ಕಾಣಿಸಿತು. ನನ್ನ ಹತ್ತಿರ 250 ಪುಸ್ತಕ ಇಲ್ಲ. ದಿನಾ ಅರ್ಧ ಗಂಟೆಯೂ ಇಲ್ಲ. ಇದ್ದದ್ದು ಒಂದು ಝೆರಾಕ್ಸ್ ಪುಟ ಮತ್ತು ಶುಕ್ರವಾರದ ಪೀರಿಯಡ್.

ಹೀಗೆ ‘ವಾರಕ್ಕೊಂದು ಪುಟ’ ಶುರುವಾಯಿತು. ಸೋಮವಾರ ಪುಟ ಹಂಚುತ್ತೇನೆ, ನಾನೇ ಒಂದು ಸಲ ಗಟ್ಟಿಯಾಗಿ ಓದುತ್ತೇನೆ. ಕಣ್ಣಿಗಿಂತ ಕಿವಿಯಿಂದ ಬೇಗ ಹಿಡಿಯುವ ಮಕ್ಕಳಿರುತ್ತಾರೆ. ಬುಧವಾರ ಹತ್ತು ನಿಮಿಷ ಜೋಡಿಯಾಗಿ ಕೂತು ಪದ ಬಿಡಿಸಿಕೊಳ್ಳುವುದು. ಗುರುವಾರ ಸಂಜೆಯೊಳಗೆ ಒಂದು ಚೀಟಿ ಬರೆದು ಡಬ್ಬಿಗೆ ಹಾಕುವುದು. ಶುಕ್ರವಾರ ಮಾತು. ಪುಟ ಕತೆಯೇ ಆಗಬೇಕು ಅಂತಿಲ್ಲ. ಒಂದು ವಾರ ಔಷಧಿ ಬಾಟಲಿಯ ಸೂಚನೆ, ಇನ್ನೊಂದು ವಾರ ಒಂದು ದೂರಿನ ಪತ್ರ, ಮತ್ತೊಂದು ವಾರ ಯಾವುದೋ ಆಟದ ನಿಯಮ. ಸರಿಯಾದ್ದು ಸಿಗದಿದ್ದರೆ ನಾನೇ ಬರೆಯುತ್ತೇನೆ. ಚೆನ್ನಾಗಿ ಬರೆಯುತ್ತೇನೆ ಅಂತ ಅಲ್ಲ, 50ಕ್ಕೆ ಒಂದು ಹೊಸ ಪದ ಬರುವ ಹಾಗೆ ಬರೆಯುವುದು ನನ್ನ ಕೈಯಲ್ಲಿರುತ್ತದೆ.

ಒಂದು ಪುಟಕ್ಕೆ ಐದು ದಿನ ಯಾಕೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಬೇಗ ಓದುವವರಿಗೆ ಬೇಜಾರಾಗುತ್ತೆ ಅಂದರು. ನಿಜ, ಆಗುತ್ತೆ. ಆದರೆ ಕ್ಲಾಸಿನ ವೇಗ ಇಷ್ಟು ದಿನ ಅವರದ್ದೇ ಆಗಿತ್ತಲ್ಲ. ನಿಧಾನವಾಗಿ ಓದುವ ಹುಡುಗನಿಗೆ ಸೋಮವಾರದಿಂದ ಶುಕ್ರವಾರದೊಳಗೆ ಅದೇ ಪುಟವನ್ನು ನಾಲ್ಕು ಸಲ ಓದಲು ಸಮಯ ಸಿಗುತ್ತದೆ. ಅವನು ಶುಕ್ರವಾರ ಬರಿಗೈಯಲ್ಲಿ ಬರುವುದಿಲ್ಲ.

ಚೀಟಿಯ ನಿಯಮ ಒಂದೇ. ಅದರಲ್ಲಿ ಪ್ರಶ್ನೆ ಇರಬೇಕು, ಉತ್ತರ ನಿಮಗೆ ನಿಜವಾಗಿ ಗೊತ್ತಿರಬಾರದು. ಕೇಳಲು ಸುಲಭ ಅನಿಸುತ್ತೆ, ಅಲ್ವಾ? ಮೊದಲ ತಿಂಗಳು ಬಂದ ಚೀಟಿಗಳೆಲ್ಲ ಪ್ರಶ್ನೆಪತ್ರಿಕೆಯಿಂದ ಹರಿದು ತಂದ ಹಾಗಿದ್ದವು. ‘ಹೂ ವೆಂಟ್ ಟು ದ ಮಾರ್ಕೆಟ್?’ ‘ವಾಟ್ ಈಸ್ ದ ಮೀನಿಂಗ್ ಆಫ್ ಸಡನ್ಲಿ?’ ಒಂಬತ್ತು ವರ್ಷ ಶಾಲೆಯಲ್ಲಿ ಕೂತ ಮಕ್ಕಳಿಗೆ, ಉತ್ತರ ಗೊತ್ತಿರುವವರು ಮಾತ್ರ ಪ್ರಶ್ನೆ ಕೇಳುತ್ತಾರೆ ಅನ್ನುವುದು ಅಭ್ಯಾಸವಾಗಿಬಿಟ್ಟಿತ್ತು. ತಪ್ಪು ಅವರದ್ದಲ್ಲ, ನಮ್ಮದೇ. ಎರಡನೇ ತಿಂಗಳು ಒಬ್ಬ ಹುಡುಗ ಬರೆದ: ‘ಅವನು ಸುಳ್ಳು ಹೇಳಿದ್ದು ಅಮ್ಮನಿಗೆ ಗೊತ್ತಿತ್ತು ಅನ್ಸುತ್ತೆ. ಆದರೂ ಯಾಕೆ ಸುಮ್ಮನಿದ್ದಳು?’ ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಿಬಿಡಬೇಕು.

ಮಾತೇ ಆಡದ ಹುಡುಗಿ ಒಬ್ಬಳಿದ್ದಳು. ಹಾಜರಿಗೆ ‘ಪ್ರೆಸೆಂಟ್’ ಅನ್ನುವುದೂ ಅರ್ಧ ನುಂಗಿದ ಹಾಗೆ. ಒಂದು ವಾರ ಅವಳ ಚೀಟಿ ಎಷ್ಟು ಚೆನ್ನಾಗಿತ್ತೆಂದರೆ ನಾನು ತಡೆದುಕೊಳ್ಳಲಿಲ್ಲ. ಶುಕ್ರವಾರ ಗಟ್ಟಿಯಾಗಿ ಓದಿದೆ. ಹೆಸರು ಹೇಳಲಿಲ್ಲ. ಆದರೆ ಓದಿ ಮುಗಿಸಿ ಅವಳ ಕಡೆ ನೋಡಿ ನಕ್ಕೆ. ಅಷ್ಟು ಸಾಕಾಯಿತು. 37 ತಲೆಗಳು ಒಟ್ಟಿಗೆ ತಿರುಗಿದವು. ಹಿಂದಿನಿಂದ ಯಾರೋ ‘ಓಹೋ’ ಅಂದರು, ಯಾರೋ ಚಪ್ಪಾಳೆ ಹೊಡೆದರು. ಅವಳು ಪುಟದ ಮೂಲೆಯನ್ನು ಚಿಕ್ಕದಾಗಿ ಮಡಚಿದಳು. ಮತ್ತೆ ಮಡಚಿದಳು. ಪೀರಿಯಡ್ ಮುಗಿಯುವ ಹೊತ್ತಿಗೆ ಆ ಮೂಲೆ ಕಡಲೆಕಾಳಿನಷ್ಟಾಗಿತ್ತು.

ಮುಂದಿನ ವಾರ ಅವಳ ಚೀಟಿಯಲ್ಲಿ ಇದ್ದದ್ದು ‘ನೋ ಕ್ವೆಶ್ಚನ್’. ಅದರ ಮುಂದಿನ ವಾರವೂ ಅದೇ. ಹೀಗೆ ಆರು ವಾರ. ಕಾರಿಡಾರಿನಲ್ಲಿ ಒಬ್ಬಳೇ ಸಿಕ್ಕಾಗ ಕ್ಷಮೆ ಕೇಳಿದೆ. ‘ಪರವಾಗಿಲ್ಲ ಮೇಡಂ’ ಅಂದಳು. ಆ ದನಿಯಲ್ಲಿ ಪರವಾಗಿಲ್ಲ ಅನ್ನುವಂಥದ್ದು ಏನೂ ಇರಲಿಲ್ಲ. ಅವಳನ್ನು ಎಲ್ಲರ ಜೊತೆ ಸೇರಿಸಿಕೊಳ್ಳುತ್ತಿದ್ದೇನೆ ಅಂದುಕೊಂಡು ನಾನು ಮಾಡಿದ್ದು ಎಲ್ಲರ ಮುಂದೆ ನಿಲ್ಲಿಸುವ ಕೆಲಸ. ಅಂದಿನಿಂದ ಚೀಟಿಗಳನ್ನೆಲ್ಲ ನಾನೇ ಟೈಪ್ ಮಾಡುತ್ತೇನೆ. ಹೆಸರಿಲ್ಲ, ಅಕ್ಷರ ಗುರುತು ಸಿಗಲ್ಲ. ನನ್ನದೂ ಒಂದೆರಡು ಪ್ರಶ್ನೆ ನಡುವೆ ಸೇರಿಸುತ್ತೇನೆ. ಓದುವಾಗ ಕಿಟಕಿ ಕಡೆ ನೋಡುತ್ತೇನೆ. ಏಳನೇ ವಾರ ಅವಳು ಮತ್ತೆ ಬರೆದಳು. ಪದದ ಅರ್ಥ ಕೇಳುವ ಪ್ರಶ್ನೆ. ಅಷ್ಟಾದರೂ ಬಂತಲ್ಲ.

ಇನ್ನು ಮೌನದ ವಿಷಯ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ತಜ್ಞೆ 1970ರ ದಶಕದ ಮೊದಲ ವರ್ಷಗಳಲ್ಲಿ ತರಗತಿಯ ಟೇಪ್‌ಗಳನ್ನು ಕೇಳಿ ಒಂದು ವಿಷಯ ಕಂಡುಕೊಂಡರು. ಟೀಚರ್ ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡ್. ಅಷ್ಟರಲ್ಲಿ ಬರದಿದ್ದರೆ ತಾವೇ ಹೇಳುತ್ತಾರೆ ಅಥವಾ ಇನ್ನೊಬ್ಬರನ್ನು ಕೇಳುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸಾಕು, ಉತ್ತರ ಉದ್ದವಾಗುತ್ತದೆ, ಹೊಸ ಮಕ್ಕಳು ಬಾಯಿ ಬಿಡುತ್ತಾರೆ, ‘ಗೊತ್ತಿಲ್ಲ’ ಕಡಿಮೆಯಾಗುತ್ತದೆ. ಮಗು ಉತ್ತರಿಸಿದ ಮೇಲೂ ಮೂರು ಸೆಕೆಂಡ್ ಕಾಯಬೇಕು ಅಂತಾರೆ ಅವರು. ಅದು ಇನ್ನೂ ಕಷ್ಟ.

ಮೂರು ಸೆಕೆಂಡ್ ಎಷ್ಟಿರುತ್ತೆ ಅಂತ ಗೊತ್ತಾಗಬೇಕಾದರೆ ಕ್ಲಾಸಿನ ಮುಂದೆ ನಿಂತು ನೋಡಬೇಕು. ಒಂದು... ಎರಡು... ಅಷ್ಟರಲ್ಲಿ ನನ್ನ ಬಾಯಿ ತಾನಾಗಿ ತೆರೆಯುತ್ತಿತ್ತು. ಬೆನ್ನ ಹಿಂದೆ ಕೈ ಇಟ್ಟು ಬೆರಳು ಎಣಿಸಿದೆ. ನೀರು ಕುಡಿದೆ. ಕರಿಹಲಗೆ ಒರೆಸಿದೆ. ಏನು ಮಾಡಿದರೂ ಮೂರನೇ ವಾರಕ್ಕೆ ಹಳೇ ಚಾಳಿ.

ಅದನ್ನು ಸರಿಮಾಡಿದ್ದು ನಾನಲ್ಲ. ವರ್ಷದ ನಡುವೆ ಕ್ಲಾಸಿಗೆ ಹೊಸ ಹುಡುಗಿಯೊಬ್ಬಳು ಸೇರಿದಳು. ಎರಡೂ ಕಿವಿಗೆ ಮೆಷಿನ್. ತುಟಿ ನೋಡಿಕೊಂಡು ಮಾತು ಹಿಡಿಯುತ್ತಾಳೆ. ಮೊದಲ ಬೆಂಚಿನಲ್ಲಿ ಕೂರಿಸಿ ನಾನು ಕೈ ತೊಳೆದುಕೊಂಡಿದ್ದೆ. ಎರಡು ಶುಕ್ರವಾರ ಕಳೆದ ಮೇಲೆ ಅವಳೇ ಬಂದು ಹೇಳಿದಳು: ‘ಮೇಡಂ, ಯಾರು ಮಾತಾಡ್ತಿದಾರೆ ಅಂತ ಹುಡುಕೋಷ್ಟರಲ್ಲಿ ಅವರು ಮುಗಿಸಿರ್ತಾರೆ.’

ಸರಿಯೇ. ಮೊದಲ ಬೆಂಚಿನಲ್ಲಿ ಕೂತರೆ ನನ್ನ ತುಟಿ ಕಾಣುತ್ತದೆ. ಕ್ಲಾಸಿನ ಮಾತೆಲ್ಲ ಅವಳ ಬೆನ್ನ ಹಿಂದೆ. ನಾನು ಪಾಠ ಮಾಡುವ ಹೊತ್ತಿಗೆ ಮಾತ್ರ ಹೊಂದುವ ಜಾಗ ಕೊಟ್ಟಿದ್ದೆ ಅವಳಿಗೆ.

ಬೆಂಚುಗಳನ್ನು ಗೋಡೆಗೆ ತಳ್ಳಿ ‘ಯು’ ಆಕಾರ ಮಾಡಿದೆವು. ಕಿಟಕಿಗೆ ಬೆನ್ನು ಕೊಟ್ಟು ಯಾರೂ ಮಾತಾಡಬಾರದು, ಮುಖ ಕಪ್ಪಾಗಿ ಕಾಣುತ್ತದೆ. ಮಾತಾಡುವವರು ಮೊದಲು ಕೈ ಎತ್ತಬೇಕು, ಅವಳು ತಿರುಗಿ ನೋಡುವವರೆಗೆ ಕಾಯಬೇಕು, ಆಮೇಲೆ ಶುರು. ಮೊದಲ ದಿನ ನಗು, ಎರಡನೇ ದಿನ ಗೊಣಗಾಟ. ಮೂರನೇ ವಾರದ ಹೊತ್ತಿಗೆ ಕ್ಲಾಸಿನ ಮಾತಿನ ಗತಿಯೇ ಬೇರೆಯಾಗಿತ್ತು. ಒಬ್ಬರು ಮುಗಿಸುತ್ತಾರೆ. ಇನ್ನೊಂದು ಕೈ ಏಳುತ್ತದೆ. ಅವಳು ತಿರುಗುತ್ತಾಳೆ. ಒಂದು, ಎರಡು, ಮೂರು. ಬೆರಳು ಎಣಿಸಿ ಎಣಿಸಿ ನಾನು ತರಲಾಗದ ಮೂರು ಸೆಕೆಂಡ್, ಒಂದು ಹುಡುಗಿ ಕತ್ತು ತಿರುಗಿಸುವ ಹೊತ್ತಿನಲ್ಲಿ ತಾನಾಗಿ ಬಂದು ಕೂತಿತ್ತು. ಆ ಸಂದಿಯಲ್ಲಿ ಇನ್ನೂ ಇಬ್ಬರು ಯೋಚನೆ ಮುಗಿಸಿರುತ್ತಿದ್ದರು. ಮುಂಚೆ ಒಬ್ಬರ ಬಾಲ ಹಿಡಿದು ಇನ್ನೊಬ್ಬರು ಶುರುಮಾಡುತ್ತಿದ್ದಾಗ ಅವರಿಗೆ ಜಾಗವೇ ಸಿಗುತ್ತಿರಲಿಲ್ಲ.

ದೊಡ್ಡ ಅಕ್ಷರದ ಪುಟದ ಕತೆಯೂ ಹೀಗೇ. ಕಣ್ಣು ಮಂಜಿರುವ ಒಬ್ಬನಿಗೆ ಅಂತ 18 ಪಾಯಿಂಟ್ ಅಕ್ಷರದಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು ಒಂದು ಪ್ರತಿ ಮಾಡಿದೆ. ‘ನಂಗೂ ಅದೇ ಕೊಡಿ’ ಅಂತ ಇನ್ನೂ ಆರು ಮಂದಿ ಕೇಳಿದರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಸಾಲು ತಪ್ಪುತ್ತಿತ್ತು, ಅಷ್ಟೇ. ಯಾರಿಗೂ ಹೇಳಿಕೊಂಡಿರಲಿಲ್ಲ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ.

ಆ ವಾರದ ಪುಟ ನಾನೇ ಬರೆದ ಒಂದು ಪತ್ರ. ರವಿ ಎನ್ನುವವನು ಊರು ಬಿಟ್ಟು ಹೋದ ದಿನದ ಬಗ್ಗೆ ಗೆಳೆಯ ಮೋಹನನಿಗೆ ಬರೆಯುತ್ತಾನೆ. ಕೆಲಸ ಸಿಕ್ಕಿದೆ, ರೂಮು ಚಿಕ್ಕದು, ನಿನ್ನ ನಾಯಿ ಟೈಗರ್ ಹೇಗಿದೆ, ಇಂಥವು. ನಡುವೆ ಮೂರು ಸಾಲು: ‘ಇಟ್ ವಾಸ್ ರೇನಿಂಗ್ ಹಾರ್ಡ್ ಅಟ್ ದ ಸ್ಟೇಷನ್. ಮೈ ಸಿಸ್ಟರ್ ನೀಡಂಟ್ ಹ್ಯಾವ್ ಕಮ್. ಐ ಬಾಟ್ ಎ ನ್ಯೂಸ್‌ಪೇಪರ್ ಅಂಡ್ ಡಿಡ್ ನಾಟ್ ಲುಕ್ ಬ್ಯಾಕ್.’

ಮೊದಲು ಜೋಡಿಯಲ್ಲಿ ಮಾತಾಡಿಕೊಳ್ಳುವ ಹೊತ್ತು. ಆಗ ಮನೆಮಾತಿಗೆ ಅಡ್ಡಿಯಿಲ್ಲ. ಇದಕ್ಕೆ ಒಪ್ಪಲು ನನಗೆ ವರ್ಷಗಳೇ ಬೇಕಾದವು. ‘ಓನ್ಲಿ ಇಂಗ್ಲಿಷ್’ ಅಂತ ಗೋಡೆಗೆ ಬೋರ್ಡು ಹಾಕಿದ್ದವಳು ನಾನೇ. ವೇಲ್ಸ್ ದೇಶದ ಕೆನ್ ವಿಲಿಯಮ್ಸ್ ಎಂಬ ಶಿಕ್ಷಣ ತಜ್ಞರು 1990ರ ದಶಕದಲ್ಲಿ, ಮಕ್ಕಳು ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಚರ್ಚಿಸುವ ಪದ್ಧತಿಯ ಬಗ್ಗೆ ಬರೆದರು. ಇಂಗ್ಲಿಷ್ ಮತ್ತು ವೆಲ್ಷ್ ಎರಡನ್ನೂ ಪಾಠದೊಳಗೆ ಬೇಕಂತಲೇ ಬಳಸುವುದು. ಈಗ ಅದಕ್ಕೆ ‘ಟ್ರಾನ್ಸ್‌ಲ್ಯಾಂಗ್ವೇಜಿಂಗ್’ ಅನ್ನುತ್ತಾರೆ. ನಾನು ಅದನ್ನು ಓದಿ ಒಪ್ಪಿದ್ದಲ್ಲ, ಸೋತು ಒಪ್ಪಿದ್ದು. ಇಂಗ್ಲಿಷಿನಲ್ಲೇ ಮಾತಾಡಿ ಅಂದಾಗ ಮಕ್ಕಳು ಗೊತ್ತಿರುವ ಇಂಗ್ಲಿಷಿನಷ್ಟೇ ಯೋಚಿಸುತ್ತಿದ್ದರು. ಆಲೋಚನೆ ಕನ್ನಡದಲ್ಲಿ ಆಗಲಿ, ಎಲ್ಲರೆದುರು ಹೇಳುವಾಗ ಇಂಗ್ಲಿಷಿಗೆ ತರಲಿ ಅಂತ ಬಿಟ್ಟೆ. ತರಲು ಬೇಕಾದ ನಾಲ್ಕು ವಾಕ್ಯ ಹಲಗೆಯ ಮೂಲೆಯಲ್ಲಿ ಯಾವಾಗಲೂ ಇರುತ್ತವೆ. ‘ಐ ರೆಡ್ ಇಟ್ ಡಿಫರೆಂಟ್ಲಿ’ ಅನ್ನುವುದು ಅವರಿಗೆ ತುಂಬಾ ಇಷ್ಟವಾದದ್ದು. ‘ನೀನು ತಪ್ಪು’ ಅನ್ನದೆ ಜಗಳ ಶುರುಮಾಡಬಹುದಲ್ಲ!

ಆ ದಿನ ಕನ್ನಡಕ್ಕೆ ಬಂದ ಕೂಡಲೇ ಒಂದು ಸಮಸ್ಯೆ ಎದ್ದಿತು. ಒಂದು ಜೋಡಿ ‘ಅಕ್ಕ’ ಅನ್ನುತ್ತಿತ್ತು. ಪಕ್ಕದ ಜೋಡಿ ‘ತಂಗಿ’.

‘ಅಕ್ಕ ಅಂತ ಎಲ್ಲಿದೆ?’

‘ತಂಗಿ ಅಂತ ಎಲ್ಲಿದೆ?’

ಎಲ್ಲೂ ಇಲ್ಲ. ಇಂಗ್ಲಿಷಿನ ‘ಸಿಸ್ಟರ್’ ವಯಸ್ಸು ಹೇಳುವುದಿಲ್ಲ. ಇಂಗ್ಲಿಷಿನಲ್ಲೇ ಮಾತಾಡಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಕನ್ನಡದಲ್ಲಿ ಬಾಯಿ ಬಿಟ್ಟರೆ ಅಕ್ಕನೋ ತಂಗಿಯೋ ತೀರ್ಮಾನ ಮಾಡಲೇಬೇಕು. ಮಳೆಯಲ್ಲಿ ನಿಂತ ತಂಗಿಯನ್ನು ತಿರುಗಿ ನೋಡದೆ ಹೋಗುವುದು ಬೇರೆ, ಅಕ್ಕನನ್ನು ನೋಡದೆ ಹೋಗುವುದು ಬೇರೆ, ಅಂತ ಒಬ್ಬಳು ಹೇಳಿದಳು. ಬರೆದವಳು ನಾನು. ನನಗೇ ಹೊಳೆದಿರಲಿಲ್ಲ.

ಆದರೆ ಅವಳ ಮಾತಿಗೆ ಹೆಚ್ಚಿನವರು ಹುಬ್ಬು ಗಂಟಿಕ್ಕಿದರು. ‘ಅವಳು ಮಳೇಲಿ ನಿಂತೇ ಇಲ್ವಲ್ಲ. ಬರಲೇ ಇಲ್ಲ ಅವಳು.’ ಯಾರೂ ಬೀಳ್ಕೊಡಲು ಬಾರದ ರವಿಯ ಮೇಲೆ ಕ್ಲಾಸಿಗೆಲ್ಲ ಕನಿಕರ. ಬೇಗ ಓದುವ ಐವರೂ ಅದೇ ಪಕ್ಷ. ಪಾಪ, ಒಬ್ಬನೇ ಹೋದ, ಬೇಜಾರಿಗೆ ಪೇಪರ್ ಕೊಂಡುಕೊಂಡ. ‘ನೀಡಂಟ್’ ಅಂತ ಇದೆ, ಅಂದರೆ ಬರಲಿಲ್ಲ. ಮುಗೀತು.

ನನಗೆ ಬಾಯಿ ತುರಿಸುತ್ತಿತ್ತು. ಸುಮ್ಮನಿದ್ದೆ. ‘ಯು’ ಆಕಾರದ ತುದಿಯಲ್ಲಿ ಒಂದು ಕೈ ಎದ್ದಿತು. 70 ಪದಕ್ಕೆ ಗೆರೆ ಎಳೆದಿದ್ದ ಹುಡುಗ. ಈಗಲೂ ಬೆರಳಿಟ್ಟುಕೊಂಡೇ ಓದುತ್ತಾನೆ, ಒಂದೊಂದು ಪದಕ್ಕೂ ನಿಂತು. ಕಿವಿಗೆ ಮೆಷಿನ್ ಇದ್ದ ಹುಡುಗಿ ತಿರುಗಿ ನೋಡಿದಳು. ಅವನು ಎದ್ದು ನಿಂತ. ಬೆರಳು ಇನ್ನೂ ಪುಟದ ಮೇಲೇ ಇತ್ತು.

‘ಮೇಡಂ, ನೀಡಂಟ್ ಅಂದ್ರೆ ಬೇಕಿಲ್ಲ. ಸರಿ. ಕಮ್ ಅಂದ್ರೆ ಬಾ. ಆ ಹ್ಯಾವ್ ಯಾಕಿದೆ ಮೇಡಂ?’

ಉಳಿದವರೆಲ್ಲ ಆ ಪದವನ್ನು ಹಾರಿಕೊಂಡು ಹೋಗಿದ್ದರು. ವೇಗವಾಗಿ ಓದುವವರ ಕಣ್ಣಿಗೆ ಅಂಥ ಸಣ್ಣ ಪದ ಕಾಣುವುದೇ ಇಲ್ಲ. ಅವನಿಗೆ ಹಾರಲು ಬರುವುದಿಲ್ಲ. ಅವನು ಪ್ರತಿ ಪದಕ್ಕೂ ಕಾಲಿಟ್ಟೇ ದಾಟಬೇಕು.

ಹಲಗೆ ಮೇಲೆ ಎರಡು ವಾಕ್ಯ ಬರೆದೆ. ‘ಶಿ ಡಿಡಂಟ್ ನೀಡ್ ಟು ಕಮ್.’ ‘ಶಿ ನೀಡಂಟ್ ಹ್ಯಾವ್ ಕಮ್.’ ಕನ್ನಡದಲ್ಲಿ ಎರಡಕ್ಕೂ ‘ಅವಳು ಬರಬೇಕಾಗಿರಲಿಲ್ಲ’ ಅಂದುಬಿಡಬಹುದು. ಬಂದಳೋ ಇಲ್ಲವೋ ಅನ್ನುವುದನ್ನು ನಾವು ದನಿಯಲ್ಲಿ, ಹಿಂದುಮುಂದಿನ ಮಾತಿನಲ್ಲಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನ ಮೊದಲ ವಾಕ್ಯದಲ್ಲಿ ಅವಳು ಬಂದಿರಬಹುದು, ಬಾರದೆ ಇರಬಹುದು. ಎರಡನೆಯದರಲ್ಲಿ ಅನುಮಾನವೇ ಇಲ್ಲ. ಅವಳು ಬಂದಿದ್ದಳು. ಬರುವ ಅಗತ್ಯ ಇರಲಿಲ್ಲ ಅಂತ ಅವನು ಹೇಳುತ್ತಿದ್ದಾನೆ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬಳು ನಿಧಾನವಾಗಿ ಅಂದಳು: ‘ಅಂದ್ರೆ ಅವಳು ಅಲ್ಲೇ ನಿಂತಿದ್ಲು. ಇವನು ಪೇಪರ್ ತಗೊಂಡು ಹೋಗ್ಬಿಟ್ಟ.’

ರವಿಯ ಮೇಲಿದ್ದ ಕನಿಕರವೆಲ್ಲ ಅರ್ಧ ನಿಮಿಷದಲ್ಲಿ ಇಳಿದುಹೋಯಿತು. ಅವನ ಪರ ಇಬ್ಬರು ವಾದಿಸಿದರು. ಅಳು ಬರುತ್ತೆ ಅಂತ ತಿರುಗಲಿಲ್ಲ, ಅವಳು ನೆನೆದಳಲ್ಲ ಅಂತ ಬೇಜಾರಿಗೆ ಹಾಗೆ ಬರೆದ, ಅಂತ. ಬೆಲ್ ಹೊಡೆದದ್ದು ಯಾರಿಗೂ ಬೇಕಾಗಿರಲಿಲ್ಲ. ಆ ವ್ಯಾಕರಣವನ್ನು ನಾನು ಹಿಂದೆ ಎರಡು ವರ್ಷ ಕೋಷ್ಟಕ ಹಾಕಿ ಕಲಿಸಿದ್ದೆ. ಪರೀಕ್ಷೆ ಮುಗಿದ ಮರುದಿನ ಯಾರಿಗೂ ನೆನಪಿರುತ್ತಿರಲಿಲ್ಲ. ಈ ಕ್ಲಾಸಿನವರು ಈಗಲೂ ಒಬ್ಬರಿಗೊಬ್ಬರು ತಮಾಷೆಗೆ ‘ಯು ನೀಡಂಟ್ ಹ್ಯಾವ್ ಕಮ್’ ಅನ್ನುತ್ತಾರೆ, ಎದುರಿಗೆ ಬಂದು ನಿಂತವರಿಗೇ.

ಎಲ್ಲ ಶುಕ್ರವಾರವೂ ಹೀಗಿರುತ್ತದೆ ಅಂದುಕೊಳ್ಳಬೇಡಿ. ನಾಲ್ಕರಲ್ಲಿ ಒಂದು ಸಪ್ಪೆ. ಒಂದು ಪೂರ್ತಿ ಗಲಾಟೆ.

ಜಾಸ್ತಿ ಮಾತಾಡುವವರನ್ನು ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಟೋಕನ್ ಕೊಟ್ಟು ನೋಡಿದೆ. ಒಬ್ಬರಿಗೆ ಮೂರು, ಮಾತಾಡಿದಾಗ ಒಂದು ಖರ್ಚು. ಪೂರ್ತಿ ಫ್ಲಾಪ್. ಮಾತುಗಾರರು ಮೂರನ್ನೂ ಐದು ನಿಮಿಷದಲ್ಲಿ ಮುಗಿಸಿ ಪಕ್ಕದವರ ಟೋಕನ್ ಸಾಲ ಪಡೆದರು. ಸುಮ್ಮನಿರುವವರು ‘ಐ ಅಗ್ರೀ’ ಅಂತ ಮೂರು ಸಲ ಹೇಳಿ ಕೂತರು. ಆಮೇಲೆ ಕೈಹಿಡಿದದ್ದು ಹಳೇ ಉಪಾಯ. ಫ್ರ್ಯಾಂಕ್ ಲೈಮನ್ ಎಂಬ ಅಮೆರಿಕದ ಶಿಕ್ಷಕ-ತರಬೇತುದಾರರು 1981ರಲ್ಲಿ ಬರೆದದ್ದು: ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಜೋಡಿಯಲ್ಲಿ ಮಾತಾಡಿ, ಆಮೇಲೆ ಎಲ್ಲರಿಗೂ ಹೇಳಿ. ಅದಕ್ಕೆ ನಾನೊಂದು ಗಂಟು ಹಾಕಿದೆ. ಎಲ್ಲರಿಗೂ ಹೇಳುವಾಗ ನಿನ್ನ ಮಾತು ಹೇಳುವಂತಿಲ್ಲ, ಜೋಡಿಯವರ ಮಾತು ಹೇಳಬೇಕು. ಮಾತುಗಾರನಿಗೆ ಕೇಳಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಸುಮ್ಮನಿರುವವಳ ಮಾತು ಅವಳು ಎದ್ದು ನಿಲ್ಲದೆಯೇ ಕ್ಲಾಸಿನ ನಡುವೆ ಬಂದುಬಿಡುತ್ತದೆ. ‘ನಾನು ಹಾಗೆ ಹೇಳಿದ್ದಲ್ಲ’ ಅಂತ ತಿದ್ದಲು ಅವಳೇ ಬಾಯಿ ಬಿಟ್ಟ ದಿನಗಳೂ ಇವೆ.

ಮಾತಿಗೆ ಅಂಕ ಕೊಡುವುದಿಲ್ಲ. ಒಂದು ಸಲ ಕೊಟ್ಟಿದ್ದೆ. ಅಂಕ ಇದೆ ಅಂದ ಕೂಡಲೇ ಎಲ್ಲರೂ ನನ್ನ ಮುಖ ನೋಡಿ ಮಾತಾಡಲು ಶುರುಮಾಡಿದರು, ಒಬ್ಬರನ್ನೊಬ್ಬರು ನೋಡುವುದು ಬಿಟ್ಟರು.

ಪುಟ ಆರಿಸುವುದರಲ್ಲೂ ಎಡವಿದ್ದೇನೆ. ರುಡೀನ್ ಸಿಮ್ಸ್ ಬಿಷಪ್ ಎಂಬ ಅಮೆರಿಕದ ಪ್ರಾಧ್ಯಾಪಕಿ 1990ರಲ್ಲಿ ಒಂದು ಮಾತು ಹೇಳಿದ್ದರು. ಮಗುವಿಗೆ ಪುಸ್ತಕ ಕಿಟಕಿಯೂ ಆಗಬೇಕು, ಕನ್ನಡಿಯೂ ಆಗಬೇಕು, ಅಂತ. ಬೇರೆಯವರ ಬದುಕೂ ಕಾಣಬೇಕು, ತನ್ನದೂ ಕಾಣಬೇಕು. ನಾನು ಇದನ್ನು ತುಂಬ ಉತ್ಸಾಹದಿಂದ ಹಿಡಿದುಕೊಂಡು, ಒಂದು ಕುಟುಂಬದ ಕತೆ ಓದಿಸಿ ಕೇಳಿದೆ: ‘ನಿಮ್ಮ ಮನೆಯಲ್ಲೂ ಹೀಗೇ ಆಗಿದೆಯಾ?’ ಒಬ್ಬ ಹುಡುಗ ತಲೆ ತಗ್ಗಿಸಿದ. ಅವನ ಮನೆಯಲ್ಲಿ ಹೀಗೇ ಆಗಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು. ಕನ್ನಡಿ ಕೊಡುವುದು ಸರಿ, ಎಲ್ಲರೆದುರು ಅದರ ಮುಂದೆ ನಿಂತುಕೋ ಅನ್ನುವುದು ಸರಿಯಲ್ಲ. ಈಗ ಪ್ರಶ್ನೆ ಕತೆಯ ಜನರ ಬಗ್ಗೆಯೇ ಇರುತ್ತದೆ. ಅಮ್ಮ ಯಾಕೆ ಸುಮ್ಮನಿದ್ದಳು, ರವಿ ಯಾಕೆ ತಿರುಗಲಿಲ್ಲ. ತಮ್ಮ ಮನೆಯ ಮಾತನ್ನು ಅದರೊಳಗೆ ಇಟ್ಟು ಹೇಳಬೇಕೆನಿಸಿದವರು ಹೇಳುತ್ತಾರೆ. ಇಲ್ಲದವರು ‘ಪಾಸ್’ ಅನ್ನಬಹುದು. ಯಾಕೆ ಅಂತ ನಾನು ಕೇಳುವುದಿಲ್ಲ.

ಮಾರ್ಕ್ಸ್ ಜಾಸ್ತಿ ಬಂತಾ? ಪೋಷಕರ ಸಭೆಯಲ್ಲಿ ಇದು ತಪ್ಪದೆ ಬರುವ ಪ್ರಶ್ನೆ. ಕೆಲವರಿಗೆ ಬಂತು, ಕೆಲವರಿಗೆ ಅಷ್ಟೇ ಇದೆ. ಪುಟದಿಂದಲೇ ಬಂತು ಅಂತ ಹೇಳಲು ನನ್ನ ಹತ್ತಿರ ಪುರಾವೆ ಇಲ್ಲ. ಪೋರ್ಷನ್ ಮುಗಿಸಲು ಪ್ರತಿ ವರ್ಷ ಕೊನೆಯಲ್ಲಿ ಓಡುತ್ತೇನೆ, ಅದೂ ನಿಜ. ಇತ್ತೀಚೆಗೆ ಮತ್ತೆ ಫೋನ್ ಮಗುಚಿಟ್ಟು ರೆಕಾರ್ಡ್ ಮಾಡಿದೆ. ಶುಕ್ರವಾರದ 40 ನಿಮಿಷದಲ್ಲಿ ನನ್ನದು 12. ಎಣಿಸಿದ ದನಿಗಳು 23. ಉಳಿದ 15 ಮಕ್ಕಳದ್ದು ಟೈಪ್ ಮಾಡಿದ ಚೀಟಿಯಲ್ಲೋ ಜೋಡಿಯವರ ಬಾಯಲ್ಲೋ ಇತ್ತು ಅಂದುಕೊಳ್ಳುತ್ತೇನೆ. ಒಂದಿಬ್ಬರದ್ದು ಎಲ್ಲೂ ಇರಲಿಲ್ಲ. ಅವರು ಯಾರು ಅಂತ ಗೊತ್ತು. ಅವರಿಗೆ ಏನು ಮಾಡಬೇಕು ಅಂತ ಇನ್ನೂ ಗೊತ್ತಾಗಿಲ್ಲ.

ರವಿಯ ಪತ್ರವನ್ನು ಈ ವರ್ಷದ ಹೊಸ ಕ್ಲಾಸಿಗೂ ಕೊಟ್ಟಿದ್ದೇನೆ. ಹಳೇ ಕ್ಲಾಸು ಈಗ ಹತ್ತನೇ ತರಗತಿಯಲ್ಲಿದೆ. ಅಲ್ಲಿಗೂ ನಾನೇ ಹೋಗುತ್ತೇನೆ, ಡಬ್ಬಿಯೂ ಜೊತೆಗೆ. ಹೋದ ಗುರುವಾರ ಆ ಹತ್ತನೇ ತರಗತಿಯ ಡಬ್ಬಿಯಲ್ಲಿ ಈ ವಾರದ ಪುಟಕ್ಕೆ ಸಂಬಂಧವೇ ಇಲ್ಲದ ಒಂದು ಚೀಟಿ ಸಿಕ್ಕಿತು. ಇಂಗ್ಲಿಷಿನಲ್ಲಿ, ಎರಡೇ ಸಾಲು: ‘ಇನ್ ರವೀಸ್ ಲೆಟರ್, ಈವನ್ ದ ಡಾಗ್ ಹ್ಯಾಸ್ ಎ ನೇಮ್. ವೈ ನಾಟ್ ದ ಸಿಸ್ಟರ್?’

ಪುಟ ಹುಡುಕಿ ತೆಗೆದೆ. ರವಿ ಇದ್ದಾನೆ, ಮೋಹನ ಇದ್ದಾನೆ, ಟೈಗರ್ ಇದೆ. ಅವಳು ಬರೀ ‘ಮೈ ಸಿಸ್ಟರ್’. ಅಕ್ಕನೋ ತಂಗಿಯೋ ಅಂತ ಅಷ್ಟು ಜಗಳ ಆದಾಗಲೂ ಯಾರಿಗೂ ಹೊಳೆಯದ್ದು ಇದು. ಹೆಸರು ಬಿಟ್ಟದ್ದು ರವಿಯೋ ನಾನೋ?

ಚೀಟಿಯ ಅಕ್ಷರ ಯಾರದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು. ಮೂಲೆ ಚಿಕ್ಕದಾಗಿ ಮಡಚಿತ್ತು. ಬಿಡಿಸಿ, ಟೈಪ್ ಮಾಡಿ, ಉಳಿದ ಚೀಟಿಗಳ ನಡುವೆ ಏಳನೆಯದಾಗಿ ಸೇರಿಸಿದೆ.